ಸೊಂಟ ನೋವಿಗೆ ಯೋಗ: ಆಸನ ಆರಿಸುವ ಮೊದಲು ನೋವಿನ ದಿಕ್ಕು ನೋಡಿ

"ಸೊಂಟ ನೋವಿದೆ, ಯಾವ ಆಸನ ಮಾಡಬೇಕು ಹೇಳಿ" ಎಂದು ಕೇಳುವ ಓದುಗರು ಬಹಳ ಮಂದಿ. ಐದು ಆಸನಗಳ ಹೆಸರು ಬರೆದು ಕಳಿಸಿಬಿಡುವುದು ಸುಲಭ. ಆದರೆ ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನ ಒಬ್ಬರ ನೋವನ್ನು ಇಳಿಸಿದರೆ, ಅದೇ ಆಸನ ಇನ್ನೊಬ್ಬರ ನೋವನ್ನು ಕೆರಳಿಸುತ್ತದೆ. ಮುಂದಕ್ಕೆ ಬಗ್ಗಿದರೆ ನೋಯುವ ಸೊಂಟ ಬೇರೆ, ಹಿಂದಕ್ಕೆ ಬಾಗಿದರೆ ನೋಯುವ ಸೊಂಟ ಬೇರೆ. ಇದನ್ನು ಕಂಡುಕೊಳ್ಳದೆ ಯಾರದೋ ಪಟ್ಟಿ ಹಿಡಿದು ಶುರು ಮಾಡಿದವರು ವಾರದೊಳಗೆ "ಯೋಗ ನನಗೆ ಆಗಿಬರಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಅದಕ್ಕೇ ಇಲ್ಲಿ ಆಸನಕ್ಕಿಂತ ಮೊದಲು ನೋವಿನ ದಿಕ್ಕು ಕಂಡುಕೊಳ್ಳುವ ಬಗೆಯನ್ನು ಹೇಳುತ್ತೇನೆ. ಆಸನಗಳು ಆಮೇಲೆ.

ಈ ಲೇಖನ ಕೆಳಬೆನ್ನಿನ, ಅಂದರೆ ಪಕ್ಕೆಲುಬುಗಳ ಕೆಳಗಿನಿಂದ ಪೃಷ್ಠದವರೆಗಿನ ನೋವಿಗೆ ಸೀಮಿತ. ಕುತ್ತಿಗೆ ನೋವಿನ ವಿಷಯವೇ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಚಾಪೆ ಹಾಸುವ ಮೊದಲು ವೈದ್ಯರನ್ನು ಕಾಣಬೇಕಾದವರು

ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪಿದ್ದರೆ, ಮೂತ್ರ ಕಟ್ಟಿಕೊಂಡಿದ್ದರೆ, ತೊಡೆಸಂದು ಮತ್ತು ಗುದದ ಸುತ್ತಲಿನ ಭಾಗ ಮರಗಟ್ಟಿದ್ದರೆ, ಎರಡೂ ಕಾಲುಗಳಲ್ಲಿ ಬಲ ಕುಗ್ಗುತ್ತಿದ್ದರೆ ಇವತ್ತೇ, ಈಗಲೇ ಆಸ್ಪತ್ರೆಗೆ ಹೋಗಿ. ಬೆನ್ನುಮೂಳೆಯ ಕೆಳಭಾಗದಲ್ಲಿ ನರಗಳ ಗೊಂಚಲು ಅದುಮಿಹೋದಾಗ ಹೀಗಾಗುತ್ತದೆ. ತಡ ಮಾಡಿದರೆ ನಷ್ಟ ಶಾಶ್ವತವಾಗಬಹುದು.

ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿದ್ದ ಚರಿತ್ರೆ, ಬಿದ್ದು ಪೆಟ್ಟಾಗಿರುವುದು, ಬಹಳ ದಿನಗಳಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವುದು, ಯಾವ ಭಂಗಿಯಲ್ಲಿ ಮಲಗಿದರೂ ರಾತ್ರಿಯಿಡೀ ಕಡಿಮೆಯಾಗದ ನೋವು: ಇವುಗಳಲ್ಲಿ ಒಂದಿದ್ದರೂ ಮೊದಲು ತಪಾಸಣೆ, ನಂತರ ಯೋಗ. ಮೂಳೆ ಸವೆದು ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇರುವವರು, ಗರ್ಭಿಣಿಯರು, ಬೆನ್ನಿನ ಶಸ್ತ್ರಚಿಕಿತ್ಸೆ ಆದವರು ಇದನ್ನು ಓದಿ ತಾವೇ ಶುರು ಮಾಡಬಾರದು. ಅವರಿಗೆ ಎದುರಿಗೆ ಕೂತು ನೋಡಿ ಹೇಳುವವರು ಬೇಕು.

ಉಳಿದವರು ಹೆದರಬೇಕಾಗಿಲ್ಲ. ಹೆಚ್ಚಿನ ಸೊಂಟ ನೋವಿಗೆ ಇಂಥದ್ದೇ ಎಂದು ಬೆರಳಿಟ್ಟು ತೋರಿಸುವ ರೋಗ ಇರುವುದಿಲ್ಲ.

ಎಂಆರ್‌ಐ ವರದಿ ನೋಡಿ ಕಂಗಾಲಾದವರಿಗೆ

"ಡಿಸ್ಕ್ ಉಬ್ಬಿದೆ" ಎಂದು ವರದಿಯಲ್ಲಿ ಬರೆದಿದ್ದರೆ ಯೋಗದ ಬಾಗಿಲು ಮುಚ್ಚಿತು ಎಂದುಕೊಳ್ಳುವವರಿದ್ದಾರೆ. ಬೆನ್ನುಮೂಳೆ ಒಂದರ ಮೇಲೊಂದು ಕೂತ ಸಣ್ಣ ಮೂಳೆಗಳ ಸಾಲು, ಅವೇ ಕಶೇರುಗಳು. ಡಿಸ್ಕ್ ಎಂದರೆ ಎರಡು ಕಶೇರುಗಳ ನಡುವಿನ ಮೆತ್ತೆ. ಸೊಂಟದಲ್ಲಿ ಕಶೇರುಗಳು 5. ಅಲ್ಲಿನ ಮೆತ್ತೆಗಳಲ್ಲಿ ಕೆಳಗಿನ ಕೊನೆಯ ಎರಡರ ಮೇಲೆ ಹೊರೆ ಹೆಚ್ಚು, ತೊಂದರೆಯೂ ಅಲ್ಲೇ ಹೆಚ್ಚು. ಆದರೆ ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 20ರ ವಯಸ್ಸಿನವರಲ್ಲೇ ಸುಮಾರು ಶೇ 30 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. 80ರ ವಯಸ್ಸಿನವರಲ್ಲಿ ಅದು ಶೇ 84. ಅಂದರೆ ಉಬ್ಬಿದ ಡಿಸ್ಕ್ ಎಷ್ಟೋ ಜನರಲ್ಲಿ ವಯಸ್ಸಿನ ಗುರುತಷ್ಟೇ. ವರದಿಯನ್ನು ವೈದ್ಯರಿಗೆ ತೋರಿಸಿ, ಆದರೆ ದೇಹ ಕೊಡುವ ಸೂಚನೆಯನ್ನು ಅದಕ್ಕಿಂತ ಹೆಚ್ಚು ಗಮನಿಸಿ.

ಯೋಗದಿಂದ ಎಷ್ಟು ಗುಣ ನಿರೀಕ್ಷಿಸಬಹುದು? 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಳೆಯ ಸೊಂಟ ನೋವಿದ್ದ 320 ಮಂದಿಯನ್ನು ಗುಂಪು ಮಾಡಿ, ಕೆಲವರಿಗೆ 12 ವಾರ ಯೋಗ, ಕೆಲವರಿಗೆ ಫಿಸಿಯೋಥೆರಪಿ, ಉಳಿದವರಿಗೆ ಓದಲು ತಿಳಿವಳಿಕೆಯ ಸಾಮಗ್ರಿ ಕೊಟ್ಟರು. ಯೋಗ ಫಿಸಿಯೋಥೆರಪಿಗಿಂತ ಹಿಂದೆ ಬೀಳಲಿಲ್ಲ. ಅದೇ ವರ್ಷ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಮೂರು ತಿಂಗಳು ಮೀರಿದ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದವುಗಳಲ್ಲಿ ಯೋಗವನ್ನೂ ಸೇರಿಸಿತು. ಹಾಗೆಂದು ಯೋಗ ಬೇರೆಲ್ಲ ವ್ಯಾಯಾಮಗಳಿಗಿಂತ ಬಹಳ ಮೇಲು ಎಂದು ಸಾಬೀತಾಗಿಲ್ಲ. ನಿಯಮಿತವಾಗಿ ಮಾಡಿದ ಒಳ್ಳೆಯ ವ್ಯಾಯಾಮದಷ್ಟೇ ಅದೂ ಫಲ ಕೊಡುತ್ತದೆ. ಜೊತೆಗೆ ಉಸಿರಿನ ಕಡೆ, ದೇಹದ ಕಡೆ ಗಮನ ಕೊಡುವುದನ್ನು ಕಲಿಸುತ್ತದೆ. ನೋವಿನ ಭಯದಿಂದ ಮೈ ಬಿಗಿಹಿಡಿದು ಬದುಕುತ್ತಿರುವವರಿಗೆ ಇದು ಸಣ್ಣ ಲಾಭವಲ್ಲ.

ಬೇಕಾಗುವುದು ಏನೇನು

ಜಾರದ ಮ್ಯಾಟ್ ಅಥವಾ ಚಾಪೆ, ಎರಡು ದಿಂಬು, ಒಂದು ದಪ್ಪ ಹೊದಿಕೆ, ಉದ್ದನೆಯ ಟವೆಲ್, ಒಂದು ಕುರ್ಚಿ. ಹಾಸಿಗೆಯ ಮೇಲೆ ಮಾಡಬೇಡಿ, ಸೊಂಟ ಕುಸಿಯುತ್ತದೆ. ಊಟವಾಗಿ ಮೂರು ಗಂಟೆಯಾದರೂ ಕಳೆದಿರಲಿ.

ಹೊತ್ತಿನ ವಿಷಯಕ್ಕೆ ತುಸು ಹೆಚ್ಚು ಗಮನ ಕೊಡಿ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ಸ್ಪಂಜಿನಂತೆ ನೀರು ಹೀರಿಕೊಂಡು ಬಿಗಿಯಾಗಿ ಉಬ್ಬಿರುತ್ತವೆ. ಎದ್ದ ಕೂಡಲೇ ಮುಂದಕ್ಕೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ದಿನದ ಉಳಿದ ಹೊತ್ತಿಗಿಂತ ಹೆಚ್ಚು. ಬೆಳಿಗ್ಗೆಯೇ ಯೋಗ ಮಾಡಬೇಕೆಂಬ ಅಭ್ಯಾಸವಿದ್ದರೆ ಎದ್ದು ಒಂದು ಗಂಟೆ ಓಡಾಡಿದ ಮೇಲೆ ಮಾಡಿ. ಬಗ್ಗಿದರೆ ನೋಯುವವರಿಗೆ ಸಂಜೆಯೇ ಒಳ್ಳೆಯದು.

ನೋವನ್ನು ಅಳೆಯುವ ನಿಯಮ

ಸೊನ್ನೆಯಿಂದ ಹತ್ತರವರೆಗೆ ನಿಮ್ಮ ನೋವಿಗೆ ಅಂಕ ಕೊಡಿ. ಆಸನ ಮಾಡುವಾಗ ಮೂರರವರೆಗಿನ ನೋವು ಪರವಾಗಿಲ್ಲ. ಅದನ್ನು ದಾಟಿದರೆ ಆಸನವನ್ನು ಸಣ್ಣದು ಮಾಡಿ ಅಥವಾ ಬಿಡಿ. ಮಾರನೆಯ ದಿನ ಅದೇ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲವೆಂದರೆ ಹಿಂದಿನ ದಿನ ಹೆಚ್ಚಾಯಿತು ಎಂದರ್ಥ.

1. ದಿಕ್ಕು ಕಂಡುಕೊಳ್ಳಿ

ಎರಡು ದಿನ ಏನೂ ಮಾಡದೆ ಬರೀ ಗಮನಿಸಿ. ಬಹಳ ಹೊತ್ತು ಕೂತರೆ, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ, ಸೀನಿದರೆ, ಕೆಮ್ಮಿದರೆ ನೋವು ಏರುತ್ತದೆಯೇ? ಎದ್ದು ನಡೆದಾಡಿದರೆ ಹಗುರವಾಗುತ್ತದೆಯೇ? ಹಾಗಿದ್ದರೆ ನಿಮ್ಮದು ಮುಂದಕ್ಕೆ ಬಗ್ಗಿದರೆ ನೋಯುವ ಸೊಂಟ. ಡಿಸ್ಕ್ ತೊಂದರೆ ಇರುವವರಲ್ಲಿ ಬಹಳ ಮಂದಿ ಈ ಗುಂಪಿನವರು.

ನಿಂತರೆ, ನಡೆದರೆ, ಕೈ ಮೇಲೆತ್ತಿ ಹಿಂದಕ್ಕೆ ಬಾಗಿದರೆ ನೋವು ಏರಿ, ಕೂತ ಕೂಡಲೇ ಇಳಿಯುತ್ತದೆಯೇ? ಅದು ಹಿಂದಕ್ಕೆ ಬಾಗಿದರೆ ನೋಯುವ ಸೊಂಟ. ನರಗಳು ಹಾದುಹೋಗುವ ಕೊಳವೆ ಕಿರಿದಾಗುವ ಸ್ಪೈನಲ್ ಸ್ಟೆನೋಸಿಸ್ ಇರುವ ಹಿರಿಯರು, ಒಂದು ಕಶೇರು ಇನ್ನೊಂದರ ಮೇಲೆ ಮುಂದಕ್ಕೆ ಜಾರಿದ ಸ್ಪಾಂಡಿಲೋಲಿಸ್ಥೆಸಿಸ್ ಇರುವವರು ಸಾಮಾನ್ಯವಾಗಿ ಇಲ್ಲಿ ಬರುತ್ತಾರೆ.

ಮೂರನೆಯ ದಿನ ಪರೀಕ್ಷಿಸಿ. ಬೋರಲು ಮಲಗಿ, ಎರಡು ನಿಮಿಷ ಬಿಟ್ಟು ಮೊಣಕೈ ಊರಿ ಎದೆ ಎತ್ತಿ ಮತ್ತೆರಡು ನಿಮಿಷ ಇರಿ. ಎದ್ದು ನಡೆದು ನೋಡಿ. ಸ್ವಲ್ಪ ಹೊತ್ತು ಬಿಟ್ಟು ಅಂಗಾತ ಮಲಗಿ, ಎರಡೂ ಮಂಡಿಗಳನ್ನು ನಿಧಾನವಾಗಿ ಎದೆಯ ಕಡೆ ತಂದು ಬಿಡುವುದನ್ನು ಎಂಟು ಸಲ ಮಾಡಿ. ಮತ್ತೆ ನಡೆದು ನೋಡಿ.

ಇಲ್ಲಿ ಗಮನಿಸಬೇಕಾದದ್ದು ನೋವು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದನ್ನು. ಕಾಲಿಗೆ ಇಳಿದಿದ್ದ ನೋವು ತೊಡೆಗೆ, ತೊಡೆಯಿಂದ ಪೃಷ್ಠಕ್ಕೆ, ಅಲ್ಲಿಂದ ಸೊಂಟಕ್ಕೆ ಮೇಲೇರುತ್ತಿದ್ದರೆ ಅದು ನಿಮ್ಮ ಒಳ್ಳೆಯ ದಿಕ್ಕು. ಆಗ ಸೊಂಟದಲ್ಲೇ ನೋವು ತುಸು ಹೆಚ್ಚಾದರೂ ಗಾಬರಿಯಾಗಬೇಡಿ. ಬದಲಿಗೆ ನೋವು ಮಂಡಿಯ ಕೆಳಗೆ, ಮೀನಖಂಡಕ್ಕೆ, ಪಾದಕ್ಕೆ ಇಳಿಯತೊಡಗಿದರೆ, ಜೋಮು ಹೆಚ್ಚಿದರೆ ತಕ್ಷಣ ನಿಲ್ಲಿಸಿ. ಸೊಂಟದಿಂದ ಹೊರಟು ಕಾಲಿನ ಹಿಂಬದಿಯಲ್ಲಿ ಸಾಗುವ ದಪ್ಪ ನರ ಕೆರಳಿದಾಗ ಬರುವ ಈ ಸೆಳೆತಕ್ಕೇ ಸಯಾಟಿಕಾ ಎನ್ನುತ್ತಾರೆ. "ಸ್ವಲ್ಪ ತಡೆದುಕೊಂಡು ಮಾಡಿದರೆ ಸರಿಹೋಗುತ್ತದೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಎರಡೂ ದಿಕ್ಕಿನಲ್ಲಿ ವ್ಯತ್ಯಾಸವೇ ಕಾಣದಿದ್ದರೆ ನಾಲ್ಕನೆಯ ಹಂತವನ್ನು ಬಿಟ್ಟು ಉಳಿದವನ್ನು ಮಾಡಿ.

2. ಮೊದಲು ಸೊಂಟಕ್ಕೆ ವಿಶ್ರಾಂತಿ

ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ತೊಡೆ ನೆಲಕ್ಕೆ ನೇರವಾಗಿ ನಿಂತಿರಲಿ. ತಲೆಯ ಕೆಳಗೆ ಮಡಿಸಿದ ಹೊದಿಕೆ. ಒಂದು ಕೈ ಹೊಟ್ಟೆಯ ಮೇಲೆ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಉಸಿರು ಹಿಡಿಯಬೇಡಿ. ಐದರಿಂದ ಹತ್ತು ನಿಮಿಷ.

ನೋವು ಜೋರಾಗಿರುವ ಮೊದಲ ಕೆಲವು ದಿನ ಇದಿಷ್ಟೇ ಮಾಡಿದರೂ ಸಾಕು, ಜೊತೆಗೆ ಮನೆಯೊಳಗೆ ಆಗಾಗ ನಡೆದಾಡಿ. ದಿನಗಟ್ಟಲೆ ಹಾಸಿಗೆ ಹಿಡಿಯುವುದು ಸೊಂಟವನ್ನು ಇನ್ನಷ್ಟು ದುರ್ಬಲ ಮಾಡುತ್ತದೆ.

ಏಳುವ ಬಗೆಯನ್ನು ಇಲ್ಲೇ ಕಲಿಯಿರಿ. ಎಷ್ಟೋ ಸಲ ಅಷ್ಟೂ ಆಸನ ಸರಿಯಾಗಿ ಮಾಡಿ, ಕೊನೆಗೆ ನೆಟ್ಟಗೆ ಎದ್ದು ಕೂರುವಾಗಲೇ ಸೊಂಟ ಹಿಡಿದುಕೊಳ್ಳುತ್ತದೆ. ಮಂಡಿ ಮಡಿಸಿ, ಭುಜ ಮತ್ತು ಸೊಂಟ ಒಟ್ಟಿಗೆ ತಿರುಗುವಂತೆ ಪಕ್ಕಕ್ಕೆ ಹೊರಳಿ, ಎರಡು ಉಸಿರು ಅಲ್ಲೇ ಇದ್ದು, ಮೇಲಿನ ಕೈಯನ್ನು ಎದೆಯ ಮುಂದೆ ಊರಿ ನೆಲವನ್ನು ದೂಡಿ ಏಳಿ. ಹಾಸಿಗೆಯಿಂದ ಏಳುವಾಗಲೂ ಇದೇ ಕ್ರಮ.

3. ಬಿಗಿ ಸಡಿಲಿಸುವ ಚಲನೆ: ಮಾರ್ಜಾಲಾಸನ

ಅಂಗೈ ಭುಜದ ಕೆಳಗೆ, ಮಂಡಿ ಸೊಂಟದ ಕೆಳಗೆ ಊರಿ. ಮಂಡಿ ಒತ್ತಿದರೆ ಹೊದಿಕೆ ಹಾಕಿಕೊಳ್ಳಿ. ಉಸಿರು ಬಿಡುತ್ತಾ ಬೆನ್ನನ್ನು ಮೇಲಕ್ಕೆ ಗುಂಡಗೆ ಮಾಡಿ, ಉಸಿರು ತೆಗೆದುಕೊಳ್ಳುತ್ತಾ ನಿಧಾನವಾಗಿ ಕೆಳಗಿಳಿಸಿ. ಆರರಿಂದ ಎಂಟು ಸಲ. ಕೊನೆಯ ಮಿತಿಯವರೆಗೆ ಎಳೆಯಬೇಡಿ, ಇದು ಹಿಗ್ಗಿಸುವ ಆಸನವಲ್ಲ, ಸರಾಗ ಮಾಡುವ ಆಸನ. ಬಗ್ಗಿದರೆ ನೋಯುವವರು ಗುಂಡಗೆ ಮಾಡುವುದನ್ನು ಚಿಕ್ಕದಾಗಿ, ಬಾಗಿದರೆ ನೋಯುವವರು ಕೆಳಗಿಳಿಸುವುದನ್ನು ಚಿಕ್ಕದಾಗಿ ಮಾಡಲಿ.

4. ನಿಮ್ಮ ದಿಕ್ಕಿನ ಆಸನ

ಮುಂದಕ್ಕೆ ಬಗ್ಗಿದರೆ ನೋಯುವವರಿಗೆ: ಮೊದಲು ಮಕರಾಸನ. ಬೋರಲು ಮಲಗಿ, ಕೈಗಳ ಮೇಲೆ ಹಣೆ ಇಟ್ಟು ಎರಡು ನಿಮಿಷ. ಇದು ಹಿತವಾಗಿದ್ದರೆ ಮೊಣಕೈ ಊರಿ ಎದೆ ಎತ್ತುವ ಅರ್ಧ ಭುಜಂಗಾಸನ. ಅದೂ ಸರಾಗವಾದ ಮೇಲೆ ಭುಜಂಗಾಸನ.

ಭುಜಂಗಾಸನದಲ್ಲಿ ಆಗುವ ತಪ್ಪು ಹೆಚ್ಚುಕಡಿಮೆ ಎಲ್ಲರದೂ ಒಂದೇ. ಅಂಗೈ ಊರಿ, ಮೊಣಕೈ ಪೂರ್ತಿ ನೆಟ್ಟಗೆ ಮಾಡಿ, ಹೊಟ್ಟೆ ನೆಲ ಬಿಡುವಷ್ಟು ಎತ್ತರಕ್ಕೆ ಏರಿ, ಕುತ್ತಿಗೆಯನ್ನು ಹಿಂದಕ್ಕೆ ಎಸೆಯುತ್ತಾರೆ. ಆಗ ಬಾಗು ಇಡೀ ಬೆನ್ನಿಗೆ ಹಂಚಿಹೋಗದೆ ಸೊಂಟದ ಒಂದೇ ಜಾಗದಲ್ಲಿ ಮುರಿಯುತ್ತದೆ. ಹೀಗೆ ಮಾಡಿ: ಕಾಲ್ಬೆರಳುಗಳ ಉಗುರು ನೆಲ ಒತ್ತಿರಲಿ. ಕಿಬ್ಬೊಟ್ಟೆಯ ಕೆಳಗಿನ ಮೂಳೆ ನೆಲ ಬಿಡದಿರಲಿ. ಮೊಣಕೈ ಮಡಚಿಯೇ ಇರಲಿ, ಪಕ್ಕೆಗೆ ಅಂಟಿರಲಿ. ಎದೆಯನ್ನು ಮೇಲಕ್ಕೆ ಎನ್ನುವುದಕ್ಕಿಂತ ಮುಂದಕ್ಕೆ ತಳ್ಳಿ. ನೋಟ ನೆಲದ ಮೇಲೆ ಒಂದು ಮೊಳ ಮುಂದೆ. ಈಗ ಅಂಗೈಗಳನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ಎದೆ ಕುಸಿಯದೆ ಅಲ್ಲೇ ನಿಂತರೆ ನಿಮ್ಮ ಎತ್ತರ ಸರಿಯಾಗಿದೆ. ಧಡಕ್ಕನೆ ಕೆಳಗೆ ಬಿದ್ದರೆ ಬೆನ್ನಿನ ಬದಲು ಕೈಯಿಂದ ಏರಿದ್ದೀರಿ, ಇನ್ನೂ ಕೆಳಗಿಳಿಯಿರಿ. ಮೂರು ಉಸಿರು, ಐದು ಸಲ.

ಹಿಂದಕ್ಕೆ ಬಾಗಿದರೆ ನೋಯುವವರಿಗೆ: ಪವನಮುಕ್ತಾಸನ. ಒಂದೊಂದೇ ಮಂಡಿಯನ್ನು ಎದೆಯ ಕಡೆ ತಂದು ಮೂರು ಉಸಿರಾಡುವಷ್ಟು ಹೊತ್ತು ಅಲ್ಲೇ ಇಟ್ಟುಕೊಳ್ಳಿ, ನಂತರ ಎರಡನ್ನೂ ಒಟ್ಟಿಗೆ. ತಲೆ ಎತ್ತಿ ಮೂಗನ್ನು ಮಂಡಿಗೆ ತಾಗಿಸುವುದು ಬೇಡ. ಆಮೇಲೆ ಬಾಲಾಸನ: ಹಿಮ್ಮಡಿಯ ಮೇಲೆ ಕೂತು, ಮಂಡಿ ಅಗಲಿಸಿ, ತೊಡೆಗಳ ನಡುವೆ ದಿಂಬಿಟ್ಟು ಅದರ ಮೇಲೆ ಎದೆ ಒರಗಿಸಿ. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂತು ಮೇಜಿನ ಮೇಲಿಟ್ಟ ದಿಂಬಿಗೆ ಒರಗಿದರೂ ಆದೀತು.

5. ಬಲ ತುಂಬಿ

ನೋವು ಇಳಿದ ಕೂಡಲೇ ಬಹಳ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ, ನೋವು ಮರಳುತ್ತದೆ. ಸಡಿಲಿಸಿದ್ದಷ್ಟೇ ಸಾಲದು, ಸೊಂಟವನ್ನು ಹೊರುವ ಸ್ನಾಯುಗಳು ಗಟ್ಟಿಯಾಗಬೇಕು.

ಸೇತುಬಂಧಾಸನ: ಅಂಗಾತ ಮಲಗಿ ಮಂಡಿ ಮಡಿಸಿ, ಪಾದಗಳನ್ನು ಸೊಂಟದಷ್ಟು ಅಗಲಕ್ಕಿಡಿ. ಉಸಿರು ಬಿಡುತ್ತಾ ಹಿಮ್ಮಡಿಯಿಂದ ನೆಲ ಒತ್ತಿ ಪೃಷ್ಠ ಎತ್ತಿ. ಭುಜದಿಂದ ಮಂಡಿಯವರೆಗೆ ಒಂದೇ ಗೆರೆಯಾದರೆ ಸಾಕು, ಅದಕ್ಕಿಂತ ಎತ್ತರ ಬೇಡ. ತೊಡೆಯ ಹಿಂಭಾಗ ಸೆಟೆದುಕೊಂಡರೆ ಪಾದಗಳನ್ನು ಇನ್ನಷ್ಟು ಹತ್ತಿರ ತನ್ನಿ. ಕೆಲಸ ಪೃಷ್ಠದ ಸ್ನಾಯುಗಳಿಗೆ ಬೀಳಬೇಕು. ಐದು ಉಸಿರು, ಎಂಟು ಸಲ.

ಎದುರುಬದುರು ಕೈಕಾಲು: ಮಾರ್ಜಾಲಾಸನದ ಭಂಗಿಯಲ್ಲೇ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಕಾಲನ್ನು ಸೊಂಟದ ಮಟ್ಟಕ್ಕಿಂತ ಮೇಲೆತ್ತಬೇಡಿ. ಹೊಟ್ಟೆ ಜೋತುಬೀಳಬಾರದು, ಸೊಂಟ ಒಂದು ಕಡೆ ವಾಲಬಾರದು. ಮೂರು ಉಸಿರು ಇದ್ದು ಬದಿ ಬದಲಿಸಿ, ಒಂದೊಂದು ಬದಿಗೆ ಆರು ಸಲ. ನನ್ನ ಮಟ್ಟಿಗೆ ಈ ಇಡೀ ಕ್ರಮದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ಇದನ್ನೇ ಉಳಿಸಿಕೊಳ್ಳಲು ಹೇಳುತ್ತೇನೆ. ಬೆನ್ನು ನೆಟ್ಟಗಿದ್ದು ಕೈಕಾಲು ಆಡಬೇಕು ಎನ್ನುವುದನ್ನು ದೇಹಕ್ಕೆ ಇದರಷ್ಟು ಚೆನ್ನಾಗಿ ಕಲಿಸುವುದು ಬೇರೊಂದಿಲ್ಲ.

ಬಗ್ಗಿದರೆ ನೋಯುವವರು ಮೂರನೆಯ ವಾರದಿಂದ ಬೋರಲು ಮಲಗಿ ಒಂದೊಂದೇ ಕಾಲೆತ್ತುವ ಅರ್ಧ ಶಲಭಾಸನ ಸೇರಿಸಬಹುದು.

6. ತೊಡೆಯ ಹಿಂಭಾಗ ಹಿಗ್ಗಿಸುವುದು

ತೊಡೆಯ ಹಿಂಭಾಗ ಬಿಗಿಯಾಗಿದ್ದರೆ ಬಗ್ಗುವಾಗ ತೊಡೆ ಸೊಂಟಕ್ಕೆ ಸೇರುವ ಕೀಲು ಸರಿಯಾಗಿ ತಿರುಗುವುದಿಲ್ಲ, ಹೊರೆಯೆಲ್ಲ ಬೆನ್ನಿಗೆ ಬೀಳುತ್ತದೆ. ಅದಕ್ಕೆ ನಿಂತು ಕಾಲು ಮುಟ್ಟುವುದು ಪರಿಹಾರವಲ್ಲ, ಸುಪ್ತ ಪಾದಾಂಗುಷ್ಠಾಸನ ಪರಿಹಾರ. ಅಂಗಾತ ಮಲಗಿ ಒಂದು ಮಂಡಿ ಮಡಿಸಿ ಪಾದ ನೆಲಕ್ಕೆ ಊರಿ. ಇನ್ನೊಂದು ಪಾದಕ್ಕೆ ಟವೆಲ್ ಸುತ್ತಿ ಕಾಲನ್ನು ಮೇಲಕ್ಕೆ ಚಾಚಿ. ಮಂಡಿ ತುಸು ಮಡಚಿದ್ದರೂ ಸರಿ, ಪೃಷ್ಠ ನೆಲ ಬಿಡದಿರಲಿ. ಅರ್ಧ ನಿಮಿಷ, ಒಂದೊಂದು ಕಾಲಿಗೆ ಎರಡು ಸಲ.

ತೊಡೆಯ ಮಧ್ಯದಲ್ಲಿ ಮಂದವಾದ ಎಳೆತ ಬಂದರೆ ಅದು ಸ್ನಾಯು. ಮಂಡಿಯ ಹಿಂದೆ ಅಥವಾ ಪಾದದಲ್ಲಿ ಉರಿ, ಜೋಮು, ಕರೆಂಟ್ ಹೊಡೆದಂಥ ಸೆಳೆತ ಬಂದರೆ ಅದು ನರ. ನರವನ್ನು ಎಳೆದು ಉದ್ದ ಮಾಡಲಾಗದು, ಅದು ಕೆರಳುತ್ತದಷ್ಟೇ. ತಕ್ಷಣ ಮಂಡಿ ಮಡಿಸಿ. ಸಯಾಟಿಕಾ ಇರುವವರು ಕಾಲಿನ ನೋವು ಪೂರ್ತಿ ಇಳಿಯುವವರೆಗೆ ಈ ಹಂತವನ್ನು ಬಿಡಿ.

7. ಶವಾಸನ

ಅಂಗಾತ ಮಲಗಿ, ಮಂಡಿಗಳ ಕೆಳಗೆ ದಿಂಬಿಟ್ಟು, ಮೈ ಸಡಿಲ ಬಿಟ್ಟು ಐದು ನಿಮಿಷ. ಸಮಯವಿಲ್ಲವೆಂದು ಇದನ್ನು ಕೈಬಿಡಬೇಡಿ.

ಸದ್ಯಕ್ಕೆ ಬೇಡವೇ ಬೇಡ

ಮೊದಲ ಎರಡು ತಿಂಗಳು ನಿಂತು ಬಗ್ಗಿ ಪಾದ ಮುಟ್ಟುವ ಪಾದಹಸ್ತಾಸನ, ಕಾಲು ಚಾಚಿ ಕೂತು ಬಗ್ಗುವ ಪಶ್ಚಿಮೋತ್ತಾನಾಸನ, ಮಲಗಿ ಕಾಲುಗಳನ್ನು ತಲೆಯ ಹಿಂದಕ್ಕೆ ಒಯ್ಯುವ ಹಲಾಸನ, ಬೆನ್ನನ್ನು ಹಿಂದಕ್ಕೆ ಕಮಾನಿನಂತೆ ಬಾಗಿಸುವ ಚಕ್ರಾಸನ ದೂರವಿರಲಿ. ಕೈಯಿಂದ ಮೀಟಿ ತಿರುಚುವ ಅರ್ಧ ಮತ್ಸ್ಯೇಂದ್ರಾಸನವೂ ಅಷ್ಟೇ. ಅಂಗಾತ ಮಲಗಿ ಎರಡೂ ಕಾಲುಗಳನ್ನು ನೆಟ್ಟಗೆ ಒಟ್ಟಿಗೆ ಎತ್ತುವುದನ್ನು ಹೊಟ್ಟೆ ಗಟ್ಟಿಯಾಗಲೆಂದು ಹೇಳಿಕೊಡುತ್ತಾರೆ. ತೊಡೆಯನ್ನು ಎತ್ತುವ ಸ್ನಾಯು ಸೊಂಟದ ಕಶೇರುಗಳಿಗೇ ಅಂಟಿಕೊಂಡಿರುವುದರಿಂದ ಆ ಎಳೆತ ನೇರವಾಗಿ ನೋವಿನ ಜಾಗಕ್ಕೆ ಹೋಗುತ್ತದೆ. ವೇಗದ ಸೂರ್ಯ ನಮಸ್ಕಾರದಲ್ಲಿ ಬಗ್ಗುವುದು ಬಾಗುವುದು ಎರಡೂ ಮತ್ತೆ ಮತ್ತೆ ಬರುತ್ತವೆ. ಎರಡೂ ದಿಕ್ಕಿನವರಿಗೆ ಅದು ಕಷ್ಟವೇ.

ಎಷ್ಟು ದಿನ, ಎಷ್ಟು ಹೊತ್ತು

ಮೊದಲ ವಾರ 1ರಿಂದ 3ನೆಯ ಹಂತದವರೆಗೆ, ಕೊನೆಗೆ ಶವಾಸನ. ಎರಡನೆಯ ವಾರ ನಾಲ್ಕನ್ನು ಸೇರಿಸಿ. ಮೂರನೆಯ ವಾರದಿಂದ ಪೂರ್ತಿ ಕ್ರಮ. ದಿನಕ್ಕೆ 20ರಿಂದ 30 ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಒಂದೂವರೆ ಗಂಟೆ ಮಾಡಿ ವಾರವಿಡೀ ಬಿಡುವುದರಿಂದ ಏನೂ ಆಗದು. ಫಲವನ್ನು ತೂಗಿ ನೋಡಲು 12 ವಾರ ಕೊಡಿ, ಆದರೆ ಆರು ವಾರವಾದರೂ ಒಂದಿಷ್ಟೂ ವ್ಯತ್ಯಾಸ ಕಾಣದಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ನಡುವೆ ಒಂದು ದಿನ ನೋವು ಮತ್ತೆ ಏರುವುದು ಸಹಜ. ಆಗ ಪೂರ್ತಿ ನಿಲ್ಲಿಸಬೇಡಿ. ಎರಡನೆಯ ಹಂತಕ್ಕೆ ಹಿಂತಿರುಗಿ, ಎರಡು ಮೂರು ದಿನ ಅಲ್ಲೇ ಇದ್ದು, ಮತ್ತೆ ಒಂದೊಂದೇ ಸೇರಿಸುತ್ತಾ ಬನ್ನಿ.

ತರಗತಿಗೆ ಸೇರುವುದಾದರೆ

ಎದುರಿಗೆ ನೋಡಿ ತಿದ್ದುವ ಗುರು ಸಿಕ್ಕರೆ ಬಹಳ ಒಳ್ಳೆಯದು. ದಿಂಬು, ಪಟ್ಟಿ, ಕುರ್ಚಿಗಳ ಆಸರೆ ಬಳಸುವ ಅಯ್ಯಂಗಾರ್ ಪದ್ಧತಿಯ ತರಗತಿಗಳು ನೋವಿರುವವರಿಗೆ ಹೊಂದುತ್ತವೆ. ಮೊದಲ ದಿನವೇ ಮೂರು ವಿಷಯ ಹೇಳಿಬಿಡಿ: ನೋವು ಎಲ್ಲಿಯವರೆಗೆ ಇಳಿಯುತ್ತದೆ, ಯಾವ ದಿಕ್ಕಿಗೆ ಹೋದರೆ ಏರುತ್ತದೆ, ವೈದ್ಯರು ಏನು ಹೇಳಿದ್ದಾರೆ. ಇದನ್ನು ಕೇಳಿಸಿಕೊಳ್ಳಲು ಪುರುಸೊತ್ತಿಲ್ಲದವರ ತರಗತಿ ನಿಮಗಲ್ಲ. ಆಸನದಲ್ಲಿದ್ದಾಗ ಹಿಂದಿನಿಂದ ಬಂದು ಬೆನ್ನನ್ನು ಒತ್ತಿ ಬಗ್ಗಿಸುವ ಅಭ್ಯಾಸ ಕೆಲವರಿಗಿರುತ್ತದೆ. ಸಂಕೋಚಪಟ್ಟುಕೊಂಡು ಸುಮ್ಮನಿರಬೇಡಿ. "ದಯವಿಟ್ಟು ಒತ್ತಬೇಡಿ, ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ" ಎಂದು ಅಭ್ಯಾಸ ಶುರುವಾಗುವ ಮೊದಲೇ ತಿಳಿಸಿಡಿ.